ತಲೆಯ ಮೇಲೊಂದು ರೈಲೇ ಬಾರದ ನಿಲ್ದಾಣ

"ರೈಲು ಇಲ್ಲೇ ಹೋಗ್ತಾ ಇದೆಯಲ್ಲೋ, ಮತ್ಯಾಕೆ ಇಲ್ಲಿ ನಿಲ್ಲಲ್ಲ?"

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ, ಯೂನಿಯನ್ ಅವೆನ್ಯೂ ಮತ್ತು ಬ್ರಾಡ್‌ವೇ ಎಂಬ ಎರಡು ರಸ್ತೆ ಕೂಡುವ ಮೂಲೆಯಲ್ಲಿ ನಿಂತು ಅಮ್ಮ ಕೇಳಿದ ಪ್ರಶ್ನೆ ಇದು. 2025ರ ಮೇ ತಿಂಗಳು. ನೆಲದಡಿಯ ‘ಜಿ’ ರೈಲಿನಿಂದ ಇಳಿದು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಆಗಷ್ಟೇ ಮೇಲೆ ಬಂದಿದ್ದಳು. ರಸ್ತೆಯ ಮೇಲೆ ಕಬ್ಬಿಣದ ಕಂಬಗಳಿವೆ, ಕಂಬಗಳ ಮೇಲೆ ಹಳಿ. ಅದರ ಮೇಲೆ ‘ಜೆ’ ರೈಲು ದಡದಡ ಸದ್ದು ಮಾಡುತ್ತಾ ನಮ್ಮ ತಲೆಯ ಮೇಲಿಂದ ಹೋಯಿತು. ನಾವು ಹತ್ತಬೇಕಾಗಿದ್ದದ್ದು ಅದನ್ನೇ. ಆದರೆ ಅದರ ನಿಲ್ದಾಣ ಇರುವುದು ಆಚೆಗೊಂದು, ಈಚೆಗೊಂದು. ಒಂದು ಹ್ಯೂಸ್ ಸ್ಟ್ರೀಟ್, ಇನ್ನೊಂದು ಲಾರಿಮರ್ ಸ್ಟ್ರೀಟ್. ಯಾವುದಕ್ಕಾದರೂ ನಡೆದು ಹೋಗಿ, ಮತ್ತೆ ಮೆಟ್ಟಿಲು ಹತ್ತಿ, ಮತ್ತೆ ಕಾರ್ಡ್ ಟ್ಯಾಪ್ ಮಾಡಬೇಕಿತ್ತು. ಆಗ ತಲೆಗೆ ಇನ್ನೊಂದು 2.90 ಡಾಲರ್.

ಅಮೆರಿಕಕ್ಕೆ ಬಂದ ಒಂದೇ ವಾರದಲ್ಲಿ ಅಮ್ಮ 85ರ ಮಗ್ಗಿ ಕಲಿತಿದ್ದಳು. "ಇಬ್ಬರಿಗೆ ಹತ್ತಿರ ಹತ್ತಿರ ಐನೂರು ರೂಪಾಯಿ ಆಯ್ತು. ಒಂದೇ ಊರು, ಒಂದೇ ಕಾರ್ಡು, ಎರಡು ಸಲ ದುಡ್ಡಾ? ಐನೂರಕ್ಕೆ ನಾವಿಬ್ರೂ ಮೈಸೂರಿಗೇ ಹೋಗಿಬಿಡ್ಬಹುದಿತ್ತು ಕಣೋ."

ನಾವು ಹೊರಟಿದ್ದು ವುಡ್‌ಹೇವನ್‌ನಲ್ಲಿರುವ ದೊಡ್ಡಮ್ಮನ ಮನೆಗೆ. ಅವರು ಅಮ್ಮನ ಚಿಕ್ಕಮ್ಮನ ಮಗಳು, ಅಮ್ಮನಿಗೆ ಅಕ್ಕ. ಹಾಸನದಲ್ಲಿ ಒಂದೇ ಮನೆಯಲ್ಲಿ ಬೆಳೆದವರು. ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಇಬ್ಬರೂ ಒಂದೇ ಊರಿನಲ್ಲಿ ಇದ್ದದ್ದು ಆ ಬೇಸಿಗೆಯಲ್ಲೇ ಮೊದಲು.

ಅಮ್ಮನ ಸಿಟ್ಟು ಇಳಿಯಲಿ ಅಂತ ನಾನು ಒಂದು ವಿಷಯ ಹೇಳಿದೆ. "ಅಮ್ಮ, ಈಗ ನಾವು ಇಳಿದು ಬಂದ್ವಲ್ಲ ಆ ಸ್ಟೇಷನ್ನಿಗೂ ಈ ರಸ್ತೆಗೂ ಮಧ್ಯೆ ಇನ್ನೊಂದು ಸ್ಟೇಷನ್ ಇದೆ. ಆರು ಹಳಿಯದ್ದು. ತೊಂಬತ್ತು ವರ್ಷದಿಂದ ಅಲ್ಲಿಗೆ ಒಂದು ರೈಲೂ ಬಂದಿಲ್ಲ."

ಅಮ್ಮ ನೆಲ ನೋಡಿದಳು. ಮತ್ತೆ ಮೇಲೆ ನೋಡಿದಳು. "ಇವರಿಗೂ ತಲೆ ಸರಿ ಇಲ್ಲ, ನಿನಗೂ ಇಲ್ಲ" ಅಂದಳು.

ನನಗೆ ಈ ಹುಚ್ಚು ಹಿಡಿದಿದ್ದು ನ್ಯೂಯಾರ್ಕ್‌ನಲ್ಲಿ ಅಲ್ಲ, ಬೈಯಪ್ಪನಹಳ್ಳಿಯಲ್ಲಿ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಶುರುವಾಯಿತಲ್ಲ, ನೆನಪಿದೆಯಾ? ನಮ್ಮ ಮನೆ ವಿಜಯನಗರದಲ್ಲಿ, ಆಫೀಸು ಐಟಿಪಿಎಲ್ ಕಡೆ. ನೇರಳೆ ಮಾರ್ಗದ ಎರಡು ತುದಿಯೂ ನನ್ನವೇ. ನಡುವೆ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗೆ ಎರಡು ಕಿಲೋಮೀಟರ್ ಚಿಲ್ಲರೆ ಮಾತ್ರ ಇರಲಿಲ್ಲ. ರೈಲ್ವೆ ಹಳಿಗಳ ಮೇಲೆ ದೊಡ್ಡ ಉಕ್ಕಿನ ಗರ್ಡರ್ ಕೂರಿಸಬೇಕಿತ್ತು, ಅದು ಆಗುವವರೆಗೆ ಫೀಡರ್ ಬಸ್ಸು. ಅರ್ಧ ಬೆಂಗಳೂರು ದಾಟಲು ಆಗುವ ಸುಸ್ತಿಗಿಂತ ಆ ಎರಡು ಕಿಲೋಮೀಟರಿನ ಸುಸ್ತು ಜಾಸ್ತಿ. ಇಳಿ, ಕ್ಯೂ ನಿಲ್ಲು, ಬಸ್ಸು ಹತ್ತು, ಸಿಗ್ನಲ್‌ನಲ್ಲಿ ಕೂರು, ಇಳಿ, ಮತ್ತೆ ಬ್ಯಾಗ್ ಸ್ಕ್ಯಾನು. ನನ್ನ ಟೀಮಿನಲ್ಲಿ ಇಬ್ಬರು ಒಂದೇ ವಾರದಲ್ಲಿ ಮೆಟ್ರೊ ಬಿಟ್ಟು ಬೈಕಿಗೆ ವಾಪಸ್ ಹೋದರು. ಅಕ್ಟೋಬರ್ 9ಕ್ಕೆ ಆ ತುಂಡು ಸೇರಿತು. ಅವತ್ತು ಬೆನ್ನಿಗಾನಹಳ್ಳಿ ದಾಟುವಾಗ ಕಿಟಕಿಯಿಂದ ಕೆಳಗಿನ ಹಳಿ ನೋಡಿ ಬೋಗಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮುಂದಿನ ವರ್ಷ ಜುಲೈನಲ್ಲಿ ಆನ್‌ಸೈಟ್ ಅಂತ ನ್ಯೂಯಾರ್ಕ್‌ಗೆ ಬಂದೆ. ಬೆಡ್‌ಫರ್ಡ್–ನಾಸ್ಟ್ರಂಡ್ ಸ್ಟೇಷನ್ ಹತ್ತಿರ ರೂಮು, ಕ್ವೀನ್ಸ್‌ನ ಕೋರ್ಟ್ ಸ್ಕ್ವೇರ್ ಹತ್ತಿರ ಆಫೀಸು. ಜಿ ಮಾರ್ಗದಲ್ಲಿ ನೇರ ಪ್ರಯಾಣ ಅಂತ ಖುಷಿಪಟ್ಟಿದ್ದೆ. ಬಂದು ನೋಡಿದರೆ ಸಿಗ್ನಲ್ ಬದಲಿಸಲು ಆ ಬೇಸಿಗೆ ಜಿ ಮಾರ್ಗವನ್ನು ಹಂತ ಹಂತವಾಗಿ ಮುಚ್ಚಿದ್ದರು. ನಮ್ಮ ತುಂಡಿಗೆ ಆಗಸ್ಟ್ ಮಧ್ಯದವರೆಗೆ ಬದಲಿ ಬಸ್ಸು. ಅಷ್ಟು ದೂರ ವಿಮಾನದಲ್ಲಿ ಬಂದು ಮತ್ತೆ ಬೈಯಪ್ಪನಹಳ್ಳಿಗೇ ಇಳಿದ ಹಾಗಾಯಿತು. ಬಸ್ಸಿನಲ್ಲಿ ಕೂತು ಮಾಡಲು ಬೇರೆ ಕೆಲಸವಿಲ್ಲದೆ ಈ ಮಾರ್ಗದ ಚರಿತ್ರೆ ಓದತೊಡಗಿದೆ.

ಜಿ ಒಂದು ವಿಚಿತ್ರ ಮಾರ್ಗ. ಚಿಕ್ಕ ಶಟಲ್‌ಗಳನ್ನು ಬಿಟ್ಟರೆ ಮ್ಯಾನ್‌ಹಟನ್ ಕಡೆ ತಲೆಯೇ ಹಾಕದ, ಆ ಊರಿನ ಮುಖ್ಯ ಸಬ್‌ವೇಯ ಏಕೈಕ ಮಾರ್ಗ. ರೈಲು ಪ್ಲಾಟ್‌ಫಾರ್ಮಿನ ಹೆಚ್ಚುಕಡಿಮೆ ಅರ್ಧದಷ್ಟೇ ಉದ್ದ. ಗೊತ್ತಿಲ್ಲದವರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಿರುತ್ತಾರೆ, ರೈಲು ಬಂದ ಮೇಲೆ ಓಡುತ್ತಾರೆ. ಅದರ ಬ್ರಾಡ್‌ವೇ ಸ್ಟೇಷನ್ನಿನ ಮೇಲೆಯೇ, ಮೊದಲು ಹೇಳಿದೆನಲ್ಲ, ಆ ಆರು ಹಳಿಯ ಖಾಲಿ ನಿಲ್ದಾಣ ಇರುವುದು. ಹೆಸರು ಸೌತ್ ಫೋರ್ತ್ ಸ್ಟ್ರೀಟ್. ಆಗಸ್ಟ್‌ನಲ್ಲಿ ರೈಲು ಶುರುವಾದ ಮೇಲೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದರ ಕೆಳಗೆ ಹಾದು ಹೋಗುತ್ತಿದ್ದೆ. ಪ್ರಯಾಣಿಕರಿಗೆ ಅಲ್ಲಿಗೆ ದಾರಿಯಿಲ್ಲ.

ಆರು ವಾರ

ಕಟ್ಟಿದ್ದು ಯಾಕೆ ಅಂದರೆ, 1929ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ನಗರಾಡಳಿತ ಒಂದು ಭಾರೀ ಯೋಜನೆ ಪ್ರಕಟಿಸಿತು. ಸುಮಾರು 100 ಮೈಲಿ ಹೊಸ ಸಬ್‌ವೇ. ಅದರಲ್ಲಿ ಒಂದು ಹೆದ್ದಾರಿಯಂಥ ಮಾರ್ಗ ಮ್ಯಾನ್‌ಹಟನ್‌ನಿಂದ ಈಸ್ಟ್ ರಿವರ್ ನದಿಯ ಕೆಳಗೆ ಬಂದು, ಬ್ರೂಕ್ಲಿನ್‌ನ ಸೌತ್ ಫೋರ್ತ್ ಸ್ಟ್ರೀಟ್‌ನಲ್ಲಿ ಸಾಗಿ, ಆಮೇಲೆ ಕವಲೊಡೆದು ಬ್ರೂಕ್ಲಿನ್ ಮತ್ತು ಕ್ವೀನ್ಸ್‌ನ ಮೂಲೆಗಳಿಗೆ ಹೋಗಬೇಕಿತ್ತು. ಆರು ವಾರ ಕಳೆಯುವಷ್ಟರಲ್ಲಿ ಷೇರುಪೇಟೆ ಕುಸಿಯಿತು. ಕಾಗದದ ಮೇಲಿದ್ದ ರೈಲುಗಳಿಗೆ ದುಡ್ಡಿಲ್ಲ.

ಆದರೆ ಜಿ ಮಾರ್ಗ ಅದಕ್ಕಿಂತ ಹಿಂದಿನ ಯೋಜನೆಯದು, ಅದರ ಕೆಲಸ ನಡೆಯಿತು. 1937ರಲ್ಲಿ ಅದು ಪೂರ್ತಿ ತೆರೆಯಿತು. ಇಲ್ಲಿ ಒಂದು ಸಣ್ಣ ತಾಂತ್ರಿಕ ವಿಷಯವಿದೆ, ನನಗೆ ತುಂಬಾ ಇಷ್ಟವಾದದ್ದು. ಆ ಕಾಲದಲ್ಲಿ ರಸ್ತೆಯನ್ನು ಮೇಲಿಂದ ಅಗೆದು, ಗುಂಡಿಯಲ್ಲಿ ಸುರಂಗ ಕಟ್ಟಿ, ಮೇಲೆ ಮುಚ್ಚಿ ರಸ್ತೆ ಹಾಕುತ್ತಿದ್ದರು. ಜಿ ರೈಲನ್ನು ಆಳದಲ್ಲಿ ಕಟ್ಟಿ ಮಣ್ಣು ಮುಚ್ಚಿಬಿಟ್ಟರೆ, ನಾಳೆ ಅದರ ಮೇಲೆ ಅಡ್ಡಲಾಗಿ ಇನ್ನೊಂದು ಮಾರ್ಗ ಬರುವಾಗ ಮತ್ತೆ ಅದೇ ರಸ್ತೆ ಅಗೆಯಬೇಕು, ಅದೂ ಕೆಳಗೆ ರೈಲು ಓಡುತ್ತಿರುವಾಗ. ಗುಂಡಿ ಹೇಗೂ ತೆರೆದಿದೆ, ಮೇಲಿನ ನಿಲ್ದಾಣದ ಗೋಡೆ, ಕಂಬ, ತಾರಸಿ ಈಗಲೇ ಹಾಕಿಬಿಡೋಣ ಅಂತ ಹಾಕಿದರು. ಹಳಿ ಇಲ್ಲ, ಟೈಲ್ಸ್ ಇಲ್ಲ, ದೀಪ ಇಲ್ಲ. ಮನೆ ಕಟ್ಟುವಾಗ ಮುಂದೆ ಮೇಲೊಂದು ಮಹಡಿ ಏರಿಸೋಣ ಅಂತ ಕಂಬದ ಕಬ್ಬಿಣದ ಕಂಬಿಗಳನ್ನು ತಾರಸಿಯ ಮೇಲೆ ಹಾಗೇ ಚಾಚಿ ಬಿಟ್ಟಿರುತ್ತಾರಲ್ಲ, ಹಾಗೆ. ನಮ್ಮ ವಿಜಯನಗರದಲ್ಲಿ ಇಪ್ಪತ್ತು ವರ್ಷದಿಂದ ತುಕ್ಕು ಹಿಡಿಯುತ್ತಿರುವ ಅಂಥ ಕಂಬಿಗಳು ಬೀದಿಗೆ ನಾಲ್ಕು ಸಿಗುತ್ತವೆ.

ಆ ಮಾರ್ಗದ ಇನ್ನೊಂದು ತುದಿ ನೋಡಬೇಕು ಅನ್ನಿಸಿ ಒಂದು ಶನಿವಾರ ಮ್ಯಾನ್‌ಹಟನ್‌ನ ಸೆಕೆಂಡ್ ಅವೆನ್ಯೂ ಸ್ಟೇಷನ್‌ಗೆ ಹೋದೆ. ‘ಎಫ್’ ರೈಲು ಬರುವ ಸ್ಟೇಷನ್. ಎರಡು ಪ್ಲಾಟ್‌ಫಾರ್ಮ್, ನಾಲ್ಕು ಹಳಿ. ಎಫ್ ರೈಲು ಹೊರಗಿನ ಎರಡು ಹಳಿ ಬಳಸುತ್ತದೆ. ನಡುವಿನ ಎರಡು ಹಳಿ ಬ್ರೂಕ್ಲಿನ್ ಕಡೆ ಮುಂದುವರಿಯಲೆಂದು ಹಾಕಿದ್ದವು. ಸ್ಟೇಷನ್ ದಾಟಿ ಸ್ವಲ್ಪ ದೂರ ಹೋಗಿ ಕತ್ತಲಲ್ಲಿ ಮುಗಿದುಹೋಗುತ್ತವೆ. ಇಲ್ಲಿ ಎರಡು ಹಳಿ, ನದಿಯ ಆಚೆ ಆರು ಹಳಿಗೆ ಜಾಗ. ನಡುವಿನ ನದಿಯ ತುಂಡು ಕಟ್ಟಲೇ ಇಲ್ಲ. ನಾನು ಅರ್ಧ ಗಂಟೆ ಅಲ್ಲಿ ನಿಂತಿದ್ದೆ. ಪೊಲೀಸ್ ಒಬ್ಬರು ಎರಡು ಸಲ ನೋಡಿ ಹೋದರು.

2010ರಲ್ಲಿ ಒಂದು ಸುದ್ದಿ ಹೊರಬಂತು. ನೂರಕ್ಕೂ ಹೆಚ್ಚು ಬೀದಿ ಕಲಾವಿದರು ಕದ್ದುಮುಚ್ಚಿ ಖಾಲಿ ನಿಲ್ದಾಣವೊಂದಕ್ಕೆ ಇಳಿದು, ಗೋಡೆಯ ತುಂಬಾ ಚಿತ್ರ ಬರೆದು ಬಂದಿದ್ದರು. ಜಾಗ ಯಾವುದು ಅಂತ ಅವರು ಹೇಳಲಿಲ್ಲ. ಸೌತ್ ಫೋರ್ತ್ ಸ್ಟ್ರೀಟ್ ಅಂತಲೇ ಎಲ್ಲರೂ ಗುರುತಿಸಿದರು. ರೈಲಿಗೆಂದು ಕಟ್ಟಿದ ಜಾಗಕ್ಕೆ ಕೊನೆಗೂ ಯಾರಾದರೂ ಬಂದರಲ್ಲ.

ಮೂರು ಕಂಪನಿ, ಎರಡು ಅಳತೆ

ಅಮ್ಮನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಮೇಲೆ ಹೋಗುವ ಜೆ ರೈಲಿಗೂ ಕೆಳಗಿನ ಜಿ ರೈಲಿಗೂ ಸಂಪರ್ಕ ಯಾಕಿಲ್ಲ?

ಬ್ರಾಡ್‌ವೇ ಮೇಲಿನ ಆ ಕಬ್ಬಿಣದ ಮಾರ್ಗ 1888ರಷ್ಟು ಹಳೆಯದು. ಜಿ ಕಟ್ಟುವ ಹೊತ್ತಿಗೆ ಅದು ಬಿಎಂಟಿ ಎಂಬ ಖಾಸಗಿ ಕಂಪನಿಯ ಕೈಯಲ್ಲಿತ್ತು. ಐಆರ್‌ಟಿ ಅಂತ ಇನ್ನೊಂದು ಖಾಸಗಿ ಕಂಪನಿ. 1904ರಲ್ಲಿ ನ್ಯೂಯಾರ್ಕ್‌ನ ಮೊದಲ ಸಬ್‌ವೇ ಓಡಿಸಿದ್ದು ಅವರೇ. ಜಿ ಕಟ್ಟಿದ್ದು ಮೂರನೆಯ ವ್ಯವಸ್ಥೆ: ನಗರಾಡಳಿತದ್ದೇ ಆದ ಐಎನ್‌ಡಿ. ಅದರ ಹಿಂದೆ 1918ರಿಂದ 1925ರವರೆಗೆ ಮೇಯರ್ ಆಗಿದ್ದ ಜಾನ್ ಹೈಲನ್ ಅವರ ಹಟವಿತ್ತು. ಹೈಲನ್ ಯುವಕರಾಗಿದ್ದಾಗ ಬ್ರೂಕ್ಲಿನ್‌ನ ಇಂಥದೇ ಮೇಲುಮಾರ್ಗದಲ್ಲಿ ರೈಲು ಓಡಿಸುತ್ತಿದ್ದರು, ಆ ಕೆಲಸದಿಂದ ಅವರನ್ನು ತೆಗೆದುಹಾಕಿದ್ದರು. ಆಮೇಲೆ ಕಾನೂನು ಓದಿ, ಮೇಯರ್ ಆಗಿ, ಖಾಸಗಿ ರೈಲು ಕಂಪನಿಗಳ ಮೇಲೆ ಬಿದ್ದರು. ಹಳೆಯ ಮ್ಯಾನೇಜರ್ ಮೇಲಿನ ಸಿಟ್ಟಿಗೆ ಎದುರು ಕಂಪನಿ ಶುರುಮಾಡಿದವರನ್ನು ನಾವೆಲ್ಲ ನೋಡಿದ್ದೇವೆ. ಇಡೀ ಸಬ್‌ವೇಗೇ ಆ ಸಿಟ್ಟು ತಗುಲಿದ್ದು ಮಾತ್ರ ಇಲ್ಲೇ ನೋಡಿದ್ದು.

ನಗರದ ಹೊಸ ಮಾರ್ಗಗಳು ಖಾಸಗಿ ಮಾರ್ಗಗಳ ಪಕ್ಕಪಕ್ಕದಲ್ಲೇ, ಅವುಗಳ ಗಿರಾಕಿ ಕಸಿಯುವ ಹಾಗೆ ಬಂದವು. ಎದುರಾಳಿಯ ರೈಲಿಗೆ ಜನ ಸುಲಭವಾಗಿ ಬದಲಿಸಲಿ ಅಂತ ಯಾರು ಮೆಟ್ಟಿಲು ಕಟ್ಟಿಸುತ್ತಾರೆ?

1940ರಲ್ಲಿ ನಗರಾಡಳಿತ ಆ ಎರಡು ಕಂಪನಿಗಳನ್ನೂ ಕೊಂಡು ಮೂರನ್ನೂ ಒಂದು ಮಾಡಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮರ್ಜರ್ ಆಯಿತು, ಲೋಗೋ ಒಂದಾಯಿತು, ಕೋಡ್ ಬೇಸ್ ಮೂರೇ ಉಳಿಯಿತು. ನಾನು ಕೆಲಸ ಮಾಡಿದ ಒಂದು ಪ್ರಾಜೆಕ್ಟಿನಲ್ಲಿ ಒಬ್ಬ ಗ್ರಾಹಕರ ಹೆಸರು ಮೂರು ಡೇಟಾಬೇಸಿನಲ್ಲಿ ಮೂರು ಥರ ಇರುತ್ತಿತ್ತು. ಕಂಪನಿಗಳು ಒಂದಾಗಿ ಹತ್ತು ವರ್ಷ ಕಳೆದಿತ್ತು. ಹಾಗಾಗಿ ನನಗೆ ಇದು ಹೊಸದು ಅನ್ನಿಸಲಿಲ್ಲ. ಐಆರ್‌ಟಿ ಬೋಗಿ ಅಗಲ ಸುಮಾರು 2.7 ಮೀಟರ್, ಉಳಿದ ಇಬ್ಬರದ್ದು ಸುಮಾರು 3 ಮೀಟರ್. ಹಳಿಯ ಅಳತೆ ಒಂದೇ, ಪೆಟ್ಟಿಗೆ ಮಾತ್ರ ಬೇರೆ. ಅಗಲದ ರೈಲು ಕಿರಿದಾದ ಸುರಂಗಕ್ಕೆ ಹಿಡಿಸದು. ಕಿರಿದಾದ ರೈಲನ್ನು ಅಗಲದ ಸ್ಟೇಷನ್‌ನಲ್ಲಿ ನಿಲ್ಲಿಸಿದರೆ ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಕಾಲು ಸಿಕ್ಕಿಬೀಳುವಷ್ಟು ಸಂದು. ಇವತ್ತಿಗೂ ಅಲ್ಲಿ ಅಂಕಿಯ ಹೆಸರಿನ ರೈಲು ಬೇರೆ, ಅಕ್ಷರದ ಹೆಸರಿನ ರೈಲು ಬೇರೆ. ಎರಡೂ ಒಂದೇ ಬಣ್ಣ ಬಳಿದುಕೊಂಡು ಓಡಾಡುತ್ತವೆ ಅಷ್ಟೇ.

ರೈಲು ಸೇರದಿದ್ದರೆ ಜನರನ್ನಾದರೂ ಸೇರಿಸಬಹುದಲ್ಲ. ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದಕ್ಕೆ ಬ್ಲೀಕರ್ ಸ್ಟ್ರೀಟ್ ನೋಡಿ. ಮೇಲೆ 1904ರ ಐಆರ್‌ಟಿ ಸ್ಟೇಷನ್, ಕೆಳಗೆ ಅಡ್ಡಲಾಗಿ 1936ರ ಐಎನ್‌ಡಿ ಸ್ಟೇಷನ್. 1957ರಲ್ಲಿ ಎರಡನ್ನೂ ಜೋಡಿಸಿದರು, ಆದರೆ ಒಂದೇ ದಿಕ್ಕಿಗೆ. ಮೇಲಿನ ಸ್ಟೇಷನ್ನಿನ ಎರಡು ಪ್ಲಾಟ್‌ಫಾರ್ಮ್‌ಗಳು ಎದುರುಬದುರು ಇರಲಿಲ್ಲ, ಒಂದು ಮುಂದೆ ಒಂದು ಹಿಂದೆ. ದಕ್ಷಿಣಕ್ಕೆ ಹೋಗುವ ರೈಲಿನದು ಕೆಳಗಿನ ಸ್ಟೇಷನ್ನಿಗೆ ಸರಿಯಾಗಿ ಸಿಕ್ಕಿತು, ಉತ್ತರಕ್ಕೆ ಹೋಗುವುದರದ್ದು ಸಿಗಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಸುಲಭವಾಗಿ ರೈಲು ಬದಲಿಸಿದವರು ಸಂಜೆ ವಾಪಸ್ ಬರುವಾಗ ಅದೇ ಜಾಗದಲ್ಲಿ ಬದಲಿಸುವ ಹಾಗಿಲ್ಲ! ಉತ್ತರದ ಪ್ಲಾಟ್‌ಫಾರ್ಮನ್ನು ದಕ್ಷಿಣಕ್ಕೆ ಎಳೆದು ಸೇರಿಸಿದ್ದು 2012ರ ಸೆಪ್ಟೆಂಬರ್‌ನಲ್ಲಿ. ಐವತ್ತೈದು ವರ್ಷ. ಅಷ್ಟರಲ್ಲಿ ಒಬ್ಬ ಮನುಷ್ಯ ಕೆಲಸಕ್ಕೆ ಸೇರಿ, ನಿವೃತ್ತನಾಗಿ, ಮೊಮ್ಮಕ್ಕಳನ್ನೂ ಎತ್ತಿ ಆಡಿಸಿರುತ್ತಾನೆ. ನಾನು ಬೈಯಪ್ಪನಹಳ್ಳಿಯ ಆರು ತಿಂಗಳಿಗೇ ಮನೆಯವರ ತಲೆ ತಿಂದಿದ್ದೆ.

ದೇವಸ್ಥಾನಕ್ಕೆ ಆರು ಸಲ, ಅಕ್ಕನ ಮನೆಗೆ ಒಂದು ಸಲ

ಅಮ್ಮ ನನ್ನ ಜೊತೆ ಎರಡೂವರೆ ತಿಂಗಳು ಇದ್ದಳು. ಅಷ್ಟರಲ್ಲಿ ಫ್ಲಶಿಂಗ್‌ನ ಗಣೇಶ ದೇವಸ್ಥಾನಕ್ಕೆ ಆರು ಸಲ ಹೋದಳು. ಕೊನೆಯ ಮೂರು ಸಲ ಒಬ್ಬಳೇ. ಗಣಪತಿಯ ಮೇಲೆ ಭಕ್ತಿ ಇದೆ, ನೆಲಮಾಳಿಗೆಯ ಕ್ಯಾಂಟೀನಿನ ದೋಸೆಯ ಮೇಲೂ ಇದೆ. ಆದರೆ ವುಡ್‌ಹೇವನ್‌ಗೆ ಹೋಲಿಸಿದರೆ ಫ್ಲಶಿಂಗ್ ಏನೂ ಹತ್ತಿರವಲ್ಲ. ನನ್ನ ಪ್ರಕಾರ ವ್ಯತ್ಯಾಸ ಮಾಡಿದ್ದು ಕೋರ್ಟ್ ಸ್ಕ್ವೇರ್. ಜಿ ರೈಲು ಅಲ್ಲಿ ನೆಲದಡಿ ನಿಲ್ಲುತ್ತದೆ, ಫ್ಲಶಿಂಗ್‌ಗೆ ಹೋಗುವ ‘7’ ರೈಲು ಅಲ್ಲೇ ಮೇಲೆ ನಿಲ್ಲುತ್ತದೆ. ಮೊದಲು ಅವೂ ಬೇರೆ ಬೇರೆ ಸ್ಟೇಷನ್‌ಗಳೇ, ಒಂದು ಹೈಲನ್ ಸಾಹೇಬರ ಕಡೆಯದು, ಇನ್ನೊಂದು ಐಆರ್‌ಟಿಯದು. ಆಚೆ ಹೋಗದೆ, ಎರಡನೇ ಸಲ ದುಡ್ಡು ಕೊಡದೆ ಒಂದರಿಂದ ಇನ್ನೊಂದಕ್ಕೆ ದಾರಿ ಆದದ್ದು 2011ರ ಜೂನ್‌ನಲ್ಲಿ. ಅಮ್ಮನಿಗೆ ಒಮ್ಮೆ ತೋರಿಸಿಕೊಟ್ಟೆ: "ಇಳಿ, ನೇರಳೆ ಬಣ್ಣದ 7 ಅಂತ ಬೋರ್ಡ್ ನೋಡ್ಕೊಂಡು ಹೋಗು, ಆಚೆ ಮಾತ್ರ ಹೋಗ್ಬೇಡ." "ನಮ್ಮ ಪರ್ಪಲ್ ಲೈನ್ ಥರ" ಅಂದಳು. ಮುಗಿಯಿತು, ಕಲಿತಳು. ಬರುವಾಗ ದಾರಿಯಲ್ಲಿ ಜಾಕ್ಸನ್ ಹೈಟ್ಸ್‌ನಲ್ಲಿ ಇಳಿದು ಹಾಗಲಕಾಯಿ, ಕರಿಬೇವು ತರುತ್ತಿದ್ದಳು. (ಅಲ್ಲೂ 7 ರೈಲಿನ ಕೆಳಗಿನ ರೂಸ್‌ವೆಲ್ಟ್ ಅವೆನ್ಯೂ ಸ್ಟೇಷನ್‌ನಲ್ಲಿ 1929ರ ಯೋಜನೆಯ ಪೂರ್ತಿ ಒಂದು ಮಹಡಿ ಖಾಲಿ ಬಿದ್ದಿದೆ, ಪ್ಲಾಟ್‌ಫಾರ್ಮ್ ಸಮೇತ. ನಾನು ಹೇಳಿದಾಗ ಅಮ್ಮ ಬೆಂಡೆಕಾಯಿ ಮುರಿದು ನೋಡುತ್ತಿದ್ದಳು.)

ದೊಡ್ಡಮ್ಮನ ಮನೆಗೆ ಹೋದದ್ದು ಒಂದೇ ಸಲ. ಅವತ್ತು ಬ್ರಾಡ್‌ವೇ ಮೂಲೆಯಲ್ಲಿ ಇಳಿದು ಹತ್ತಿ, ನಡೆದು ಹತ್ತಿ, ಅಮ್ಮನ ಮಂಡಿ ಊದಿತು. ಅವರ ಮನೆಯಲ್ಲಿ ಸಂಜೆಯವರೆಗೂ ಕಾಲಿಗೆ ದಿಂಬು ಕೊಟ್ಟುಕೊಂಡೇ ಕೂತಿದ್ದಳು. ವಾಪಸ್ ಟ್ಯಾಕ್ಸಿ ಮಾಡಿದೆ. ಬಿಲ್ ನೋಡಿ 85ರಿಂದ ಗುಣಿಸಿದವಳು ಮನೆ ಬರುವವರೆಗೂ ಮಾತಾಡಲಿಲ್ಲ. ದೊಡ್ಡಮ್ಮನಿಗೆ ಸೊಂಟದ ಆಪರೇಷನ್ ಆಗಿದೆ, ಅವರು ಮೆಟ್ಟಿಲು ಹತ್ತುವ ಹಾಗೇ ಇಲ್ಲ. ಇನ್ನೊಮ್ಮೆ ಹೋಗೋಣ, ಬೇರೆ ದಾರಿ ಹುಡುಕುತ್ತೇನೆ ಅಂತ ನಾನು ಹೇಳಿದಾಗಲೆಲ್ಲ ಅಮ್ಮ, "ಫೋನಿದೆಯಲ್ಲ" ಅನ್ನುತ್ತಿದ್ದಳು. ದಿನಾ ರಾತ್ರಿ ಎಂಟಕ್ಕೆ ಇಬ್ಬರೂ ವಾಟ್ಸ್ಆ್ಯಪ್ ಕಾಲ್‌ನಲ್ಲಿ ಕೂರುತ್ತಿದ್ದರು. ವಿಜಯನಗರದಲ್ಲಿ ಇದ್ದಾಗಲೂ ಹಾಗೇ ಮಾಡುತ್ತಿದ್ದರು. ಟೈಮ್ ಝೋನ್ ಒಂದೇ ಆಗಿತ್ತು, ಅಷ್ಟೇ ಹೊಸದು.

ಜಿ ಮಾರ್ಗದಲ್ಲಿ ನಾನು ಅಮ್ಮನಿಗೆ ತೋರಿಸಿದ ಒಂದೇ ಒಂದು ಖಾಲಿ ಜಾಗ ಅವಳಿಗೆ ಇಷ್ಟವಾಯಿತು. ಹಾಯ್ಟ್–ಸ್ಕರ್ಮರ್‌ಹಾರ್ನ್ ಸ್ಟೇಷನ್. ಆರು ಹಳಿ, ನಾಲ್ಕು ಪ್ಲಾಟ್‌ಫಾರ್ಮ್. ಹೊರಗಿನ ಎರಡು ಪ್ಲಾಟ್‌ಫಾರ್ಮ್ ಈಗ ಪ್ರಯಾಣಿಕರಿಗೆ ಇಲ್ಲ. ರೈಲು ಕಾಯುವಾಗ ಎದುರಿಗೆ ಕಾಣುತ್ತವೆ. ಸಿನಿಮಾದವರಿಗೆ ಇದಕ್ಕಿಂತ ಅನುಕೂಲ ಬೇಕಾ? ಮೈಕೆಲ್ ಜಾಕ್ಸನ್‌ನ ‘ಬ್ಯಾಡ್’ ವಿಡಿಯೊವನ್ನು ಮಾರ್ಟಿನ್ ಸ್ಕಾರ್ಸೆಸಿ ಚಿತ್ರೀಕರಿಸಿದ್ದು ಈ ಸ್ಟೇಷನ್‌ನಲ್ಲಿ. ಅಮ್ಮನಿಗೆ ಮೈಕೆಲ್ ಜಾಕ್ಸನ್ ಅಂದರೆ ಮೊದಲು ಪ್ರಭುದೇವ ನೆನಪಾಗುತ್ತಾನೆ. ಆದರೂ ನಿಂತು ಒಂದು ಫೋಟೊ ತೆಗೆಸಿಕೊಂಡಳು, ದೊಡ್ಡಮ್ಮನಿಗೆ ಕಳಿಸಿದಳು.

ಚಾಚಿ ಬಿಟ್ಟ ಕಂಬಿಗಳೆಲ್ಲ ತುಕ್ಕು ಹಿಡಿಯುತ್ತವೆ ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಮ್ಯಾನ್‌ಹಟನ್‌ನ ಲೆಕ್ಸಿಂಗ್ಟನ್ ಅವೆನ್ಯೂ–63ನೇ ಬೀದಿಯ ಸ್ಟೇಷನ್ 1989ರಲ್ಲಿ ತೆರೆದಾಗ ಪ್ಲಾಟ್‌ಫಾರ್ಮಿನ ಒಂದು ಬದಿಯಲ್ಲಿ ರೈಲು, ಇನ್ನೊಂದು ಬದಿಯಲ್ಲಿ ಉದ್ದಕ್ಕೂ ಗೋಡೆ. ಗೋಡೆಯ ಹಿಂದೆ ಇನ್ನೊಂದು ಮಾರ್ಗಕ್ಕೆ ಪೂರ್ತಿ ಜಾಗ ಬಿಟ್ಟಿದ್ದರು. 2017ರ ಜನವರಿ 1ಕ್ಕೆ ಸೆಕೆಂಡ್ ಅವೆನ್ಯೂ ಸಬ್‌ವೇಯ ಮೊದಲ ತುಂಡು ಶುರುವಾದಾಗ ಆ ಗೋಡೆ ಇರಲಿಲ್ಲ. ಈಗ ಈ ಬದಿ ಒಂದು ರೈಲಿನಿಂದ ಇಳಿದು, ಹತ್ತು ಹೆಜ್ಜೆ ನಡೆದು, ಆ ಬದಿ ‘ಕ್ಯೂ’ ರೈಲು ಹತ್ತಬಹುದು. ಅಮ್ಮನ ಮಂಡಿಗೆ ಒಂದು ಮೆಟ್ಟಿಲೂ ಇಲ್ಲ.

ಅದೇ ಸ್ಟೇಷನ್‌ನಲ್ಲಿ ನನ್ನಂಥವರಿಗೆ ಇನ್ನೂ ಖುಷಿಯ ವಿಷಯವಿದೆ. ಅಲ್ಲಿಂದ ನಾಲ್ಕು ಬೀದಿ ಆಚೆ 59ನೇ ಬೀದಿಯಲ್ಲಿ ಇನ್ನೊಂದು ದೊಡ್ಡ ಸ್ಟೇಷನ್. ನಡುವೆ ಸುರಂಗ ಇಲ್ಲ. ಆದರೆ ಆಚೆ ಬಂದು ಫುಟ್‌ಪಾತ್ ಮೇಲೆ ನಡೆದು ಅಲ್ಲಿ ಟ್ಯಾಪ್ ಮಾಡಿದರೆ ಎರಡನೇ ಸಲ ದುಡ್ಡು ಕಟ್ ಆಗುವುದಿಲ್ಲ. 2001ರಿಂದಲೇ ಹೀಗಿದೆ. ಅಗೆತ ಇಲ್ಲ, ಕಾಂಕ್ರೀಟ್ ಇಲ್ಲ, ಟಿಕೆಟ್ ಸಾಫ್ಟ್‌ವೇರಿನಲ್ಲಿ ಒಂದು ‘ಇಫ್’ ಕಂಡೀಷನ್. ನಾನು ಇದ್ದಾಗ ಬ್ರಾಡ್‌ವೇಯ ಜಿ ಮತ್ತು ಜೆ ನಡುವೆ ಅಂಥ ಒಂದು ಸಾಲು ನಮಗೆ ಸಿಗಲಿಲ್ಲ. ಮಂಡಿ ಊತ ಅದರಿಂದ ಇಳಿಯುತ್ತಿರಲಿಲ್ಲ ನಿಜ. ಸಿಟ್ಟಾದರೂ ಇಳಿಯುತ್ತಿತ್ತು.

ಇದೆಲ್ಲ ದೂರದ ಊರಿನ ಹಳೆಯ ಜಗಳ ಅನ್ನಿಸಿದರೆ ನೋಯ್ಡಾ ನೋಡಿ. 2019ರಲ್ಲಿ ಅಲ್ಲಿ ಎರಡು ಬೇರೆ ಬೇರೆ ಸಂಸ್ಥೆಗಳ ಎರಡು ಮೆಟ್ರೊ ಎರಡು ತಿಂಗಳ ಅಂತರದಲ್ಲಿ ಶುರುವಾದವು. ಸೆಕ್ಟರ್ 51ರಲ್ಲಿ ಒಂದು ಸ್ಟೇಷನ್, ಸೆಕ್ಟರ್ 52ರಲ್ಲಿ ಇನ್ನೊಂದು, ನಡುವೆ ಸುಮಾರು 300 ಮೀಟರ್. ಟಿಕೆಟ್ ಬೇರೆ ಬೇರೆ. ಹೈಲನ್‌ ಸಾಹೇಬರಿಗೆ ಕೇಳಿದ್ದರೆ ನಗು ಬರುತ್ತಿತ್ತೇನೋ.

ಸೆಪ್ಟೆಂಬರ್‌ನಲ್ಲಿ ನಾನೂ ಬೆಂಗಳೂರಿಗೆ ವಾಪಸ್ ಬಂದೆ. ಈಗ ಪ್ರತಿ ಗುರುವಾರ ಅಮ್ಮ ಜಯನಗರದ ಚಿಕ್ಕಮ್ಮನ ಮನೆಗೆ ಹೋಗುತ್ತಾಳೆ. ವಿಜಯನಗರದಿಂದ ನೇರಳೆ, ಮೆಜೆಸ್ಟಿಕ್‌ನಲ್ಲಿ ಇಳಿದು ಎಸ್ಕಲೇಟರಿನಲ್ಲಿ ಕೆಳಗೆ ಹೋಗಿ ಹಸಿರು. ಒಂದೇ ಟಿಕೆಟ್. ಮೆಜೆಸ್ಟಿಕ್‌ನಲ್ಲಿ ನೇರಳೆ ರೈಲು ಬಂದದ್ದು 2016ರ ಏಪ್ರಿಲ್‌ನಲ್ಲಿ, ಹಸಿರು ಬಂದದ್ದು 2017ರ ಜೂನ್‌ನಲ್ಲಿ. ನಡುವಿನ ಒಂದು ವರ್ಷ ಕೆಳಗಿನ ಮಹಡಿ ಕಾಯುತ್ತಿತ್ತು. ಒಂದೇ ಗುಂಡಿ, ಎರಡೂ ಮಾರ್ಗಕ್ಕೆ ಜಾಗ. ಸೌತ್ ಫೋರ್ತ್ ಸ್ಟ್ರೀಟ್‌ನಲ್ಲಿ ಮಾಡಿದ್ದೂ ಇದನ್ನೇ. ಇಲ್ಲಿ ಎರಡನೇ ರೈಲು ಬಂತು.

ಜಯದೇವದಲ್ಲಿ ಅಂಥದೇ ಇನ್ನೊಂದು ಕಾಯುತ್ತಿದೆ. ಇದ್ದ ಫ್ಲೈಓವರನ್ನು 2020ರಲ್ಲಿ ಒಡೆದು, ಎರಡು ಮೆಟ್ರೊ ಮಾರ್ಗಕ್ಕೆ ಒಂದರ ಮೇಲೊಂದು ಕಟ್ಟಿದರು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂತು. ಗುಲಾಬಿ ಮಾರ್ಗ ನಾನು ಇದನ್ನು ಬರೆಯುವ ಹೊತ್ತಿಗೆ ಬಂದಿಲ್ಲ. ಹಳದಿ ರೈಲಿನಲ್ಲಿ ಮೊದಲ ಸಲ ಹೋದಾಗ ನಾನು ಕಿಟಕಿಗೆ ಮುಖ ಒತ್ತಿ ಆ ಖಾಲಿ ಮಹಡಿಯ ಕಂಬಗಳನ್ನೇ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗ ಅಲ್ಲಿ ಏನೋ ಆಗಿದೆ ಅಂದುಕೊಂಡು ವಿಡಿಯೊ ಮಾಡತೊಡಗಿದ. ಇನ್ನು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ರೈಲ್ವೆ ಟರ್ಮಿನಲ್. 2022ರಿಂದ ದೂರದೂರಿನ ರೈಲುಗಳು ಅಲ್ಲಿಂದ ಹೊರಡುತ್ತಿವೆ. ಅದರ ಬಾಗಿಲಿಗೆ ಮೆಟ್ರೊ ಇಲ್ಲ. ಸೂಟ್‌ಕೇಸ್ ಎಳೆದುಕೊಂಡು ಬೆಳಗಿನ ಜಾವ ಅಲ್ಲಿ ಇಳಿದವರಿಗೆ ನಾನು ಹೆಚ್ಚಿಗೆ ಹೇಳಬೇಕಾಗಿಲ್ಲ.

ಈ ಡಿಸೆಂಬರ್‌ಗೆ ದೊಡ್ಡಮ್ಮ ಬರುತ್ತಿದ್ದಾರೆ. ಹನ್ನೊಂದು ವರ್ಷದ ಮೇಲೆ. ವಿಮಾನ ನಿಲ್ದಾಣಕ್ಕೆ ಇನ್ನೂ ಮೆಟ್ರೊ ಇಲ್ಲ, ಟ್ಯಾಕ್ಸಿ ಮಾಡಿದ್ದೇನೆ. ಬಂದ ಮೇಲೆ ಜಯನಗರಕ್ಕೆ ಮಾತ್ರ ಮೆಟ್ರೊದಲ್ಲೇ ಕರೆದುಕೊಂಡು ಹೋಗುತ್ತಾಳಂತೆ ಅಮ್ಮ. ನಿನ್ನೆ ರಾತ್ರಿ ಕಾಲ್‌ನಲ್ಲಿ ದೊಡ್ಡಮ್ಮ ಕೇಳುತ್ತಿದ್ದರು, "ಎಷ್ಟು ಮೆಟ್ಟಿಲಿದೆಯೇ?"

"ಲಿಫ್ಟ್ ಇದೆ ಬಾರೇ ಅಕ್ಕ" ಅಂದಳು ಅಮ್ಮ. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, "ಮೆಜೆಸ್ಟಿಕ್‌ನಲ್ಲಿ ಲಿಫ್ಟಿಂದ ಲಿಫ್ಟಿಗೆ ಎಷ್ಟು ದೂರ ನಡೀಬೇಕು, ನಾಳೆ ಹೋಗಿ ನೋಡ್ಕೊಂಡು ಬಾ" ಅಂದಳು.